ಚಾವಣಿ ಗೆದ್ದಿತು, ಪ್ರೇಕ್ಷಕ ಔಟ್

ಸ್ಟೇಡಿಯಂ ಕಟ್ಟೋದು ಆಟ ನೋಡೋಕೆ ಅನ್ನೋ ನಂಬಿಕೆ ಇನ್ನೂ ಇಟ್ಕೊಂಡಿದ್ರೆ ಬಿಟ್ಬಿಡಿ, ಕಟ್ಟೋದು ಡ್ರೋನ್‌ಗೆ. ಮೇಲಿಂದ ಹಕ್ಕಿಗೂಡು, ಬುಟ್ಟಿ, ದೋಣಿ ಏನೇನೋ ಕಾಣುತ್ತೆ, ಒಳಗೆ ಕೂತವನಿಗೆ ಕಾಣೋದು ಮುಂದಿನವನ ಬೋಳುತಲೆ ಮತ್ತು ಅರ್ಧ ಗೋಲ್‌ಪೋಸ್ಟ್. ಒಂದ್ಸಲ ಕಂಬದ ಹಿಂದಿನ ಸೀಟಲ್ಲಿ ಕೂತು ಪೂರ್ತಿ ಮ್ಯಾಚು ಕಿವೀಲೇ ನೋಡಿದೀನಿ, ಚೆಂಡು ಎಡಗಡೆಯಿಂದ ಕಂಬದೊಳಗೆ ಹೋಗೋದು, ಬಲಗಡೆಯಿಂದ ಆಚೆ ಬರೋಷ್ಟರಲ್ಲಿ ಗೋಲ್ ಆಗಿರೋದು, ಪಕ್ಕದವರು ಕುಣಿದ್ರು ಅಂತ ನಾನೂ ಕುಣಿಯೋದು. ಕಂಬ ಮಾತ್ರ ಬಹಳ ಲಕ್ಷಣವಾಗಿತ್ತು ಕಣ್ರೀ, ಬುಡ ದಪ್ಪ, ಮೇಲ್ಮೇಲೆ ಸಣ್ಣ, ಸ್ಕೋರ್ ಮರೆತುಹೋಗಿದೆ, ಅದು ಮರೆತಿಲ್ಲ.

ಅಮೆರಿಕದ ಹ್ಯೂಸ್ಟನ್‌ನ ಆಸ್ಟ್ರೋಡೋಮ್ ಸ್ಟೇಡಿಯಂ ಕಥೆ ಕೇಳಿ. 1965ರಲ್ಲಿ ಬೇಸ್‌ಬಾಲ್ ಮೈದಾನಕ್ಕೇ ಮಾಡು ಹಾಕಿದ್ರು, ಒಳಗೆ ಹುಲ್ಲು ಬೆಳೀಬೇಕಲ್ಲ ಅಂತ ಬೆಳಕು ಬಿಡೋ ಫಲಕ ಕೂರಿಸಿದ್ರು. ಬಿಸಿಲು ಕಣ್ಣು ಕುಕ್ಕಿ, ಮೇಲೆ ಹಾರಿದ ಚೆಂಡು ಫೀಲ್ಡರ್‌ಗಳಿಗೇ ಕಾಣದಂಗಾಯ್ತು. ಸರಿ, ಫಲಕಕ್ಕೆ ಬಣ್ಣ ಬಳಿದ್ರು. ಚೆಂಡು ಕಾಣ್ತು, ಹುಲ್ಲು ಸತ್ತೋಯ್ತು. ಸತ್ತ ಹುಲ್ಲಿಗೆ ಹಸಿರು ಪೇಂಟ್ ಹೊಡೆದು ಆಡಿಸಿದ್ರು (ಸುಳ್ಳಲ್ಲ), ಮರುವರ್ಷ ಪ್ಲಾಸ್ಟಿಕ್ ಹುಲ್ಲೇ ಹಾಸಿದ್ರು. ಮಾಡಿಗೆ ಮಾತ್ರ ಏನೂ ಅನ್ನಂಗಿಲ್ಲ!

ಕೆನಡಾದ ಮಾಂಟ್ರಿಯಲ್‌ನೋರು ಇನ್ನೂ ಮುಂದೆ. 1976ರ ಒಲಿಂಪಿಕ್ಸ್‌ಗೆ ವಾಲಿದ ಗೋಪುರ, ಅದರಿಂದ ಕೇಬಲ್ ಬಿಟ್ಟು ಮಾಡನ್ನ ಎತ್ತಿ ಇಳಿಸೋ ಪ್ಲ್ಯಾನು. ಎರಡೂ ಪೂರ್ತಿ ಆಗಿದ್ದು 1987ಕ್ಕೆ, ಮದುವೆ ಮುಗಿದು ಹನ್ನೊಂದು ವರ್ಷಕ್ಕೆ ಚಪ್ಪರ ಹಾಕ್ದಂಗೆ. ಹಾಕಿದ್ದೂ ಹರೀತು. ಕಟ್ಟೋಕೆ ಮಾಡಿದ ಸಾಲ ತೀರಿದ್ದು 2006ರಲ್ಲಿ.

ರಷ್ಯಾದ ಎಕಟೆರಿನ್‌ಬರ್ಗ್‌ನೋರು ಮಾತ್ರ ಪ್ರಾಮಾಣಿಕರು. 2018ರ ಫುಟ್‌ಬಾಲ್ ವರ್ಲ್ಡ್ ಕಪ್‌ಗೆ ಫಿಫಾ ಲೆಕ್ಕಕ್ಕೆ ಸೀಟು ಸಾಲಲಿಲ್ಲ, ಹಳೇ ಮುಖಗೋಡೆ ಮುಟ್ಟೋ ಹಾಗಿಲ್ಲ, ಸೋ ಗೋಲ್‌ಗಳ ಹಿಂದಿನ ಸ್ಟ್ಯಾಂಡ್‌ಗಳನ್ನ ಸ್ಟೇಡಿಯಂ ಆಚೆಗೇ ಕಟ್ಟಿ ಜನರನ್ನ ಹತ್ತಿಸಿದ್ರು. ಟಿಕೆಟ್ ತಗೊಂಡವನ ಜಾಗ ಹೊರಗೇ ಅಂತ ಇಷ್ಟು ನೇರವಾಗಿ ಯಾರು ಹೇಳಿದ್ರು ಹೇಳಿ.

ಇವರೆಲ್ಲರನ್ನೂ ಮೀರಿಸಿದ್ದು ಟೋಕಿಯೋ. ಒಲಿಂಪಿಕ್ಸ್ ಸ್ಟೇಡಿಯಂಗೆ ವಾಸ್ತುಶಿಲ್ಪಿ ಜಹಾ ಹದೀದ್ ಕೊಟ್ಟ ಡಿಸೈನು ದುಬಾರಿ ಅಂತ 2015ರಲ್ಲಿ ಕೈಬಿಟ್ಟು, ಇನ್ನೊಬ್ಬ ವಾಸ್ತುಶಿಲ್ಪಿ ಕೆಂಗೊ ಕುಮಾ ಡಿಸೈನ್ ತಗೊಂಡ್ರು. ಅದರಲ್ಲಿ ಸೀಟುಗಳೆಲ್ಲ ಬೇರೆ ಬೇರೆ ಬಣ್ಣ, ಬೆರಕೆ ಬೆರಕೆ, ಖಾಲಿ ಇದ್ರೂ ದೂರದಿಂದ ಜನ ತುಂಬಿದಂಗೇ ಕಾಣುತ್ತೆ. 2021ರಲ್ಲಿ ಕೋವಿಡ್ ಅಂತ ಅಲ್ಲಿ ಪ್ರೇಕ್ಷಕರಿಲ್ಲದೇ ಒಲಿಂಪಿಕ್ಸ್ ಆಯ್ತು. ಸೀಟುಗಳು ಎಷ್ಟು ಶಿಸ್ತಾಗಿ ಕೂತಿದ್ವು ಅಂದ್ರೆ, ಯಾವುದೂ ಎದ್ದು ನಿಲ್ಲಲಿಲ್ಲ, ಟಾಯ್ಲೆಟ್ ಎಲ್ಲಿ ಅಂತ ಕೇಳಲಿಲ್ಲ, ಫೋಟೋ ಮಾತ್ರ ಫಸ್ಟ್ ಕ್ಲಾಸ್.