ಗಟ್ಟಿಮೇಳ ಲೇಟು

ಅಕ್ಕನ ಮದುವೆ ಆಗಿದ್ದು 1995ರಲ್ಲಿ, ತುಮಕೂರಿನ ಒಂದು ಛತ್ರದಲ್ಲಿ. ಆ ಮದುವೆಯನ್ನು ನಾನು ಕೆಡಿಸಿದ್ದು 2010ರಲ್ಲಿ, ನಮ್ಮ ಮನೆಯ ಹಾಲ್‌ನಲ್ಲಿ.

ಕ್ಯಾಸೆಟ್ಟು ಅಷ್ಟೂ ವರ್ಷ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕ, ನುಸಿಗುಳಿಗೆಯ ವಾಸನೆ ಕುಡಿದುಕೊಂಡು ಮಲಗಿತ್ತು. ಮೂರು ಗಂಟೆಯ ವಿಎಚ್‌ಎಸ್ ಟೇಪು. ಮದುವೆ ಇದ್ದಿದ್ದು ಎರಡು ಗಂಟೆ. ಮಿಕ್ಕ ಜಾಗದಲ್ಲಿ ಯಾರೋ ಕ್ರಿಕೆಟ್ ಮ್ಯಾಚು ರೆಕಾರ್ಡ್ ಮಾಡಿದ್ದರು. ಯಾರೋ ಅಂದರೆ ನಾನೇ. ಅಲ್ಲಲ್ಲಿ ಬೂಷ್ಟು ಬೇರೆ ಹಿಡಿದಿತ್ತು. ಅಕ್ಕನ ಮಗಳು ಒಂದು ದಿನ "ಮಾಮಾ, ಅಮ್ಮನ ಮದ್ವೆ ನಾನು ನೋಡೇ ಇಲ್ಲ" ಅಂದಳು. ಸ್ಟುಡಿಯೋದಲ್ಲಿ ಕೊಟ್ಟಿದ್ದರೆ ಎರಡು ದಿನದಲ್ಲಿ ಡಿವಿಡಿ ಮಾಡಿ ಕೊಡುತ್ತಿದ್ದರು. ಆದರೆ ನಾನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ, ಕ್ಯಾಸೆಟ್ ಓಡಿಸುವ ವಿಸಿಆರ್‌ನಿಂದ ಕಂಪ್ಯೂಟರಿಗೆ ವಿಡಿಯೋ ತುಂಬುವ ಒಂದು ಯುಎಸ್‌ಬಿ ಡಬ್ಬಿ ತಂದಿದ್ದೆ. ತಂದ ಮೇಲೆ ಸುಮ್ನೆ ಇಡೋಕಾಗುತ್ತಾ?

ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ ನೋಡೋಕೆ ಅಂತ ಗುಬ್ಬಿ, ತಿಪಟೂರು ಕಡೆಯ ನೆಂಟರೆಲ್ಲ ಬಂದಿದ್ದರು. ಇದಕ್ಕಿಂತ ಒಳ್ಳೇ ಸಮಯ ಸಿಗಲ್ಲ ಅಂತ ಹಾಲ್‌ನಲ್ಲಿ ಚಾಪೆ ಹಾಸಿ ಡಿಸ್ಕು ಹಾಕಿದೆ. ಮೊದಲೇ ನೋಡಿ ಪರೀಕ್ಷೆ ಮಾಡಿದ್ದೆ, ಮಾಡಿರಲಿಲ್ಲ ಅಂತಲ್ಲ. ಮೊದಲ ಐದು ನಿಮಿಷ ನೋಡಿದ್ದೆ, ತುಟಿ ಮಾತು ಎರಡೂ ಸರಿಯಾಗಿ ಕೂತಿದ್ದವು. ಉಳಿದದ್ದೂ ಹಾಗೇ ಇರುತ್ತೆ ಅಂದುಕೊಂಡೆ.

ಮೊದಲ ಅರ್ಧ ಗಂಟೆ ಯಾರೂ ಏನೂ ಅನ್ನಲಿಲ್ಲ. ಮುಹೂರ್ತದ ಹೊತ್ತಿಗೆ ಭಾವ ತಾಳಿ ಕಟ್ಟಿದರು, ಮೂರು ಗಂಟೂ ಬಿತ್ತು, ಅಕ್ಷತೆಯೂ ಬಿತ್ತು, ಎಲ್ಲರೂ ಕೈ ಒರೆಸಿಕೊಂಡು ಕೂತ ಮೇಲೆ ಎಲ್ಲಿಂದಲೋ "ಗಟ್ಟಿಮೇಳ, ಗಟ್ಟಿಮೇಳ" ಅಂತ ಪುರೋಹಿತರ ಕೂಗು ಕೇಳಿಸಿ ಡೋಲು ಶುರುವಾಯಿತು. ನಾಲ್ಕು ಸೆಕೆಂಡು ಲೇಟು. ಊಟದ ಹೊತ್ತಿಗೆ ಅದು ಆರು ಸೆಕೆಂಡು. ಪಂಕ್ತಿಯಲ್ಲಿ ಒಂದು ಮಗು ಹೋಳಿಗೆಗೆ ರಂಪ ಮಾಡುತ್ತಿತ್ತು. ಕ್ಯಾಮೆರಾದವನು ಆ ಮಗುವನ್ನು ಬಿಟ್ಟು, ಹೆಡ್ಮಾಸ್ಟರಾಗಿ ರಿಟೈರಾಗಿದ್ದ ದೊಡ್ಡಪ್ಪನ ಕಡೆಗೆ ತಿರುಗಿದ್ದ. ದೊಡ್ಡಪ್ಪ ಗಂಭೀರವಾಗಿ ಬಾಯಿ ತೆರೆದರು. ಒಳಗಿಂದ "ನಂಗೂ ಹೋಳಿಗೆ ಬೇಕೂ..." ಅಂತ ಅಳು ಬಂತು.

ದೊಡ್ಡಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು. ಅವತ್ತು ರಾತ್ರಿ ಊಟಕ್ಕೆ ಅವರು ನನ್ನ ಜೊತೆ ಮಾತಾಡಲಿಲ್ಲ.

ನೆಂಟರು ಹೋದ ಮೇಲೆ ಮೊದಲ ಚಿಕಿತ್ಸೆ. ಗಟ್ಟಿಮೇಳ ನಾಲ್ಕು ಸೆಕೆಂಡು ಲೇಟು ತಾನೇ, ಇಡೀ ಶಬ್ದವನ್ನು ನಾಲ್ಕು ಸೆಕೆಂಡು ಮುಂದಕ್ಕೆ ಎಳೆದೆ. ಮುಹೂರ್ತ ಸರಿಹೋಯಿತು. ಆದರೆ ಮೊದಲಿಂದ ನೋಡಿದರೆ ಅಜ್ಜಿ ಬಾಯಿ ಬಿಡೋಕೆ ಮುಂಚೆಯೇ "ಬನ್ನಿ ಬನ್ನಿ, ಕಾಫಿ ಕುಡೀರಿ" ಅನ್ನುತ್ತಿದ್ದರು, ಅಶರೀರವಾಣಿ. ಇದು ಲೇಟಿಗಿಂತ ಕೆಟ್ಟದಾಗಿತ್ತು. ಯಾಕೆ ಅಂತ ಆಮೇಲೆ ತಿಳಿಯಿತು. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿರ್ತೀರಿ ಅಲ್ವಾ? ಬಟ್ಟೆ ಕಲ್ಲಿಗೆ ಬಡಿದ ಮೇಲೆ ಸದ್ದು ಬರುತ್ತೆ, 340 ಮೀಟರಿಗೆ ಸುಮಾರು ಒಂದು ಸೆಕೆಂಡು. ಮೊದಲು ನೋಟ, ಆಮೇಲೆ ಸದ್ದು, ಅದು ನಮಗೆ ಹುಟ್ಟಿನಿಂದ ಅಭ್ಯಾಸ. ಟೀವಿಯಲ್ಲೂ ಸದ್ದು ಒಂದು ಸೆಕೆಂಡಿನ ಎಂಟನೇ ಒಂದು ಭಾಗ ಹಿಂದೆ ಬಿದ್ದರೂ ಕಣ್ಣು ಕ್ಷಮಿಸುತ್ತೆ. ಮುಂದೆ ಬಂದರೆ ಅದರ ಅರ್ಧದಷ್ಟೂ ತಡೆಯಲ್ಲ. ನನ್ನದು ಪೂರ್ತಿ ನಾಲ್ಕು ಸೆಕೆಂಡು.

ಕಾಯಿಲೆ ಬೇರೆಯೇ ಇತ್ತು. ನಮ್ಮ ದೇಶದ ಪಾಲ್ (PAL) ಪದ್ಧತಿಯ ವಿಡಿಯೋದಲ್ಲಿ ಸೆಕೆಂಡಿಗೆ 25 ಚಿತ್ರ, ಅಂದರೆ ಫ್ರೇಮು. ಟೇಪಿನಿಂದ ತುಂಬಿಸಿಕೊಳ್ಳುವಾಗ ಕಂಪ್ಯೂಟರಿಗೆ ಉಸಿರು ಕಟ್ಟಿದರೆ ನಡುವೆ ಒಂದೊಂದು ಫ್ರೇಮನ್ನು ಕೈಬಿಡುತ್ತೆ. ಶಬ್ದವನ್ನು ಮಾತ್ರ ಬಿಡಲ್ಲ. ಹೀಗೆ ಚಿತ್ರ ಬೇಗ ಬೇಗ ಮುಗಿಯುತ್ತಾ ಹೋಗುತ್ತೆ, ಶಬ್ದ ಹಿಂದೆ ಏದುಸಿರು ಬಿಡುತ್ತಾ ಬರುತ್ತೆ. ಎರಡು ಗಂಟೆಯಲ್ಲಿ 150 ಫ್ರೇಮು ಹೋದರೆ ಸರಿಯಾಗಿ ಆರು ಸೆಕೆಂಡು. ಎಷ್ಟು ಹೋಯಿತು ಅಂತ ಸಾಫ್ಟ್‌ವೇರು ಕೆಳಗಡೆ ಸಣ್ಣ ಅಕ್ಷರದಲ್ಲಿ ತೋರಿಸುತ್ತಲೇ ಇತ್ತಂತೆ. ನಾನು ಆ ಹೊತ್ತಿಗೆ ಅದೇ ಕಂಪ್ಯೂಟರಿನಲ್ಲಿ ಹಾಡು ಕೇಳುತ್ತಾ, ಆ್ಯಂಟಿವೈರಸ್ ಸ್ಕ್ಯಾನ್ ಓಡಿಸುತ್ತಾ ಇದ್ದೆ.

ಎಲ್ಲ ಬಂದ್ ಮಾಡಿ ಟೇಪನ್ನು ಮತ್ತೆ ಮೊದಲಿಂದ ತುಂಬಿಸಿಕೊಳ್ಳುವುದೇ ಸರಿಯಾದ ದಾರಿ. ಹಾಗೇ ಮಾಡೋಣ ಅಂತ ಕ್ಯಾಸೆಟ್ ಹಾಕಿದೆ. ವಿಸಿಆರ್ ಅದನ್ನು ಗರಗರ ಅಗಿದು ನುಂಗಿತು. ಸ್ಕ್ರೂ ಬಿಚ್ಚಿ ಹೊರಗೆ ತೆಗೆದಾಗ ಮದುವೆ ಶಾವಿಗೆ ಆಗಿತ್ತು. ಇದನ್ನು ಅಕ್ಕನಿಗೆ ಇವತ್ತಿನವರೆಗೂ ಹೇಳಿಲ್ಲ.

ಇನ್ನು ಉಳಿದಿದ್ದು ಆ ಹಾಳು ಫೈಲು ಒಂದೇ. ಎರಡನೇ ಚಿಕಿತ್ಸೆಯಾಗಿ 7,200 ಸೆಕೆಂಡಿನ ಶಬ್ದವನ್ನು 7,194ಕ್ಕೆ ಕುಗ್ಗಿಸಿದೆ. ನೂರಕ್ಕೆ 0.1 ಕೂಡ ಇಲ್ಲ, ಯಾವ ಕಿವಿಗೂ ಗೊತ್ತಾಗಲ್ಲ. ಗೊತ್ತಾಗಿದ್ದು ಬೇರೆ. ಶಬ್ದವನ್ನು ಸೆಕೆಂಡಿಗೆ ಇಷ್ಟು ಚೂರು ಅಂತ ಕತ್ತರಿಸಿ ಇಡುತ್ತಾರೆ, ಆಡಿಯೋ ಸಿಡಿಯಲ್ಲಿ 44,100 ಚೂರು, ಡಿವಿಡಿ ವಿಡಿಯೋದಲ್ಲಿ 48,000. ನಾನು ಮೊದಲಿನದಕ್ಕೆ ಎರಡನೆಯದರ ಚೀಟಿ ಅಂಟಿಸಿಬಿಟ್ಟೆ. ಚೂರುಗಳು ಬೇಗ ಬೇಗ ಓಡಿ ಅಜ್ಜಿಯ ಧ್ವನಿ ಗುಬ್ಬಚ್ಚಿಯದಾಯಿತು, ಪುರೋಹಿತರು ಇನ್ನೊಂದು ಮುಹೂರ್ತಕ್ಕೆ ಬಸ್ಸು ಹಿಡಿಯಬೇಕಾದವರ ಹಾಗೆ ಮಂತ್ರ ಓಡಿಸಿದರು.

ಅದನ್ನು ಸರಿಮಾಡಿ ಇನ್ನೊಂದು ಡಿಸ್ಕಿಗೆ ಬರೆದರೂ ತುಟಿ ಮಾತು ಕೂಡಲಿಲ್ಲ. ಫ್ರೇಮುಗಳು ಒಂದೇ ಸಮ ಹೋಗಿರಲಿಲ್ಲ, ಬೂಷ್ಟು ಇದ್ದ ಕಡೆ ಗುಂಪು ಗುಂಪಾಗಿ ಹೋಗಿದ್ದವು. ಅಷ್ಟರಲ್ಲಿ ಕೆಟ್ಟ ಡಿಸ್ಕುಗಳು ಒಂಬತ್ತು. ಅಮ್ಮ ಅವಕ್ಕೆ ದಾರ ಪೋಣಿಸಿ, ಗಿಳಿ ಬರದಿರಲಿ ಅಂತ ಸೀಬೆ ಮರಕ್ಕೆ ಕಟ್ಟಿದರು. (ಅಳಿಸಿ ಬರೆಯುವ ಆರ್‌ಡಬ್ಲ್ಯು ಡಿಸ್ಕು ಒಂದು ತಗೊಂಡಿದ್ದರೆ ಸಾಕಿತ್ತು. ಆದರೆ ಆ ವರ್ಷ ಸೀಬೆಹಣ್ಣು ಜಾಸ್ತಿ ಉಳಿಯಿತು, ಅದೂ ನಿಜ.)

ಸಿನಿಮಾದವರು ಇದಕ್ಕೇ ಕ್ಲ್ಯಾಪ್ ಬೋರ್ಡು ಹೊಡೆಯುತ್ತಾರೆ. ಹಲಗೆ ತಾಗಿದ ಫ್ರೇಮು, 'ಟಪ್' ಅಂದ ಸದ್ದು, ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಮುಗಿಯಿತು. ಮದುವೆಯಲ್ಲಿ ಯಾರು ಕ್ಲ್ಯಾಪ್ ಹೊಡೀತಾರೆ ಅಂತ ತಲೆ ಕೆರೆದುಕೊಂಡು ಕೂತಿದ್ದಾಗ, ಅಡುಗೆಮನೆಯಲ್ಲಿ ಅಮ್ಮ ಟಪ್ ಅಂತ ಕಾಯಿ ಒಡೆದರು.

ನಮ್ಮದು ತೆಂಗಿನ ಸೀಮೆ ಸ್ವಾಮಿ! ನಮ್ಮ ಮದುವೆಗಳಲ್ಲಿ ಯಾವ ಶಾಸ್ತ್ರಕ್ಕೆ ಕಾಯಿ ಒಡೆಯಲ್ಲ ಹೇಳಿ? ಆ ಟೇಪಿನಲ್ಲಿ ಒಟ್ಟು ಏಳು ಕಾಯಿ ಸಿಕ್ಕವು. ಆಡಾಸಿಟಿ ಅನ್ನೋ ಶಬ್ದ ತಿದ್ದುವ ಸಾಫ್ಟ್‌ವೇರಿನಲ್ಲಿ ನೋಡಿದರೆ ಶಬ್ದದ ಗೆರೆಯ ಮೇಲೆ ಪ್ರತಿ ಕಾಯಿಯೂ ಜಾಲಿಮುಳ್ಳಿನ ಹಾಗೆ ಎದ್ದು ನಿಂತಿತ್ತು. ಒಂದೊಂದೇ ಫ್ರೇಮು ಸರಿಸುತ್ತಾ ಕಾಯಿ ಇಬ್ಭಾಗವಾದ ಜಾಗಕ್ಕೆ ಆ ಮುಳ್ಳನ್ನು ಚುಚ್ಚಿದೆ. ಒಂದು ಕಾಯಿಗೂ ಇನ್ನೊಂದಕ್ಕೂ ನಡುವಿನ ಶಬ್ದವನ್ನು ಬೇಕಾದಷ್ಟು ಕುಗ್ಗಿಸಿದೆ. ನಾಲ್ಕು ರಾತ್ರಿ ಹಿಡಿಯಿತು, ನಡುವೆ ಎರಡು ಸಲ ಕರೆಂಟು ಹೋಯಿತು. ದೊಡ್ಡಪ್ಪನ ಬಾಯಿಂದ ದೊಡ್ಡಪ್ಪನ ಮಾತೇ ಬಂತು: "ಸಾರು ಬಿಸಿ ಇಲ್ಲ."

ಎಲ್ಲ ಸರಿ. ಗಟ್ಟಿಮೇಳ ಮಾತ್ರ ಇನ್ನೂ ಎರಡು ಸೆಕೆಂಡು ಲೇಟು. ಅದರ ಹಿಂದಿನ ಕಾಯಿ ಸರಿ, ಮುಂದಿನ ಕಾಯಿ ಸರಿ, ಪುರೋಹಿತರ ತುಟಿಯೂ ಸರಿ. ಡೋಲಿನವರು ಚಿತ್ರದಲ್ಲಿ ಇರಲಿಲ್ಲವಾದ್ದರಿಂದ ಅವರ ಕೈ ನೋಡೋಕೂ ಆಗಲ್ಲ. ಮತ್ತೆರಡು ರಾತ್ರಿ ಒದ್ದಾಡಿ, ಕೊನೆಗೆ ಆ ಒಂದು ತುಂಡು ಡೋಲನ್ನು ಕತ್ತರಿಸಿ, ತಾಳಿ ಕಟ್ಟುವ ಫ್ರೇಮಿಗೇ ತಂದು ಅಂಟಿಸಿದೆ.

ಯುಗಾದಿಗೆ ಮತ್ತೆ ಎಲ್ಲರೂ ಸೇರಿದರು, ದೊಡ್ಡಪ್ಪನೂ ಬಂದರು. ತಾಳಿ ಮೇಲೆತ್ತಿದ ಕ್ಷಣಕ್ಕೇ ಗಟ್ಟಿಮೇಳ ಮೊಳಗಿತು. ಅಕ್ಕನ ಮಗಳು ಚಪ್ಪಾಳೆ ಹೊಡೆದಳು. ಅಪ್ಪ ಮಾತ್ರ ಕುರ್ಚಿಯಲ್ಲಿ ಮುಂದೆ ಬಗ್ಗಿದರು.

"ಇನ್ನೊಂದ್ಸಲ ಹಾಕು."

ಹಾಕಿದೆ. ಮೂರು ಸಲ ನೋಡಿದರು.

"ಪಾಪ, ಸರಿಯಾದ ಟೈಮಿಗೇ ಬಾರಿಸಿದ್ದಾರಲ್ಲೋ" ಅಂದರು. "ತಾಳಿ ಕಟ್ಟಿದ ಮೇಲೆ ಬಾರಿಸಿದ್ರು ಅಂತ ಓಲಗದವರ ಹತ್ರ ಅವತ್ತು ಜಗಳ ಮಾಡಿ, 50 ರೂಪಾಯಿ ಹಿಡ್ಕೊಂಡು ಕೊಟ್ಟಿದ್ದೆ."

ನಾನು ರಿಮೋಟನ್ನು ನೋಡುತ್ತಾ ಕೂತೆ. ಸೋಮವಾರ ಬೆಳಿಗ್ಗೆ ಅಪ್ಪ, ಓಲಗದವರ ಮನೆ ಹುಡುಕಿಕೊಂಡು ಗುಬ್ಬಿ ಬಸ್ಸು ಹತ್ತಿದರು.