ನೆರಳಿನ ತಲೆಗೆ ಬಣ್ಣದ ಬಳೆ

ಹೋದ ವರ್ಷ ನವೆಂಬರಿನಲ್ಲಿ ಅಕ್ಕನ ಮಗಳನ್ನು ಕರೆದುಕೊಂಡು ಮುಳ್ಳಯ್ಯನಗಿರಿಗೆ ಹೋಗಿದ್ದೆ. ಒಂಬತ್ತನೇ ತರಗತಿಯ ಹುಡುಗಿ, ಎಲ್ಲದಕ್ಕೂ ಪ್ರಶ್ನೆ ಕೇಳುವ ಸ್ವಭಾವ. ಮೆಟ್ಟಿಲು ಹತ್ತಿ, ಗದ್ದುಗೆಗೆ ಕೈಮುಗಿದು, ಗುಡಿಯ ಹಿಂದಕ್ಕೆ ಬಂದಾಗ ಏಳೂಕಾಲು ಗಂಟೆ. 1,930 ಮೀಟರ್ ಎತ್ತರದ ಆ ನೆತ್ತಿಯ ಮೇಲೆ ಬಿಸಿಲು ಬಿದ್ದಿತ್ತು. ವಾಯವ್ಯಕ್ಕಿರುವ ಜಾಗರ ಕಣಿವೆ ಮಾತ್ರ ಕಾಣುತ್ತಿರಲಿಲ್ಲ. ಅಕ್ಕಿ ತೊಳೆದ ನೀರಿನ ಬಣ್ಣದ ಮಂಜು ಅಂಚಿನವರೆಗೂ ತುಂಬಿಕೊಂಡು ನಮ್ಮ ಪಾದದ ಕೆಳಗೇ ಹೊರಳುತ್ತಿತ್ತು.

"ಮಾಮ, ಅಲ್ಲಿ ಯಾರೋ ನಿಂತಿದ್ದಾರೆ."

ಮಂಜಿನ ಮೇಲೆ ಎರಡು ಕಪ್ಪು ಆಕೃತಿಗಳು. ಕಾಲುಗಳು ಉದ್ದುದ್ದ, ತಲೆ ಚಿಕ್ಕದು. ಒಂದರ ತಲೆಯ ಸುತ್ತ ಬೆಳ್ಳನೆಯ ಹೊಳಪು, ಅದರಾಚೆ ನೀಲಿ, ಹಸಿರು, ಹಳದಿ, ಎಲ್ಲಕ್ಕಿಂತ ಹೊರಗೆ ಕೆಂಪು. ದೇವರ ವಿಗ್ರಹದ ಹಿಂದಿನ ಪ್ರಭಾವಳಿಯನ್ನು ಕಳಚಿ ತಂದು ನೆರಳಿಗೆ ತೊಡಿಸಿದಂತೆ. ಹುಡುಗಿ ಕೈ ಎತ್ತಿದಳು. ಅದೂ ಕೈ ಎತ್ತಿತು.

ಆಮೇಲೆ ನಮ್ಮಿಬ್ಬರ ನಡುವೆ ಜಗಳವೇ ಆಯಿತು. "ನನ್ನ ತಲೆಗೆ ಮಾತ್ರ ಬಳೆ ಇದೆ ಮಾಮ, ನಿಮಗಿಲ್ಲ" ಎಂದಳು. ನನಗೆ ಕಾಣುತ್ತಿದ್ದದ್ದು ಅದಕ್ಕೆ ಪೂರಾ ತದ್ವಿರುದ್ಧ. ಬಳೆ ಇದ್ದದ್ದು ನನ್ನ ನೆರಳಿಗೆ, ಅವಳ ನೆರಳಿನ ತಲೆ ಬೋಳು. ಜಾಗ ಬದಲಿಸಿಕೊಂಡು ನಿಂತೆವು. ಬಳೆ ನನ್ನ ಜೊತೆಗೇ ಬಂತು, ಅವಳ ಪ್ರಕಾರ ಅವಳ ಜೊತೆಗೇ ಹೋಯಿತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಾಲ್ಕೈದು ನಿಮಿಷದಲ್ಲಿ ಗಾಳಿ ತಿರುಗಿತು, ಮಂಜು ಹರಿಯಿತು, ಕೆಳಗೆ ಕಾಡಿನ ಹಸಿರು ಕಂಡಿತು. ಅಷ್ಟೇ.

ಆ ಹೊತ್ತಿನಲ್ಲಿ ಅಲ್ಲಿ ಇಪ್ಪತ್ತು ಜನರಾದರೂ ಇದ್ದರು. ಹೆಚ್ಚಿನವರು ಸೂರ್ಯನ ಕಡೆ ಮುಖ ಮಾಡಿ ಫೋಟೋ ತೆಗೆಯುತ್ತಿದ್ದರು. ನಾನು ಕೂಗಿ ಕರೆದಾಗ ಒಬ್ಬ ಯುವಕ ಬಂದು ನೋಡಿ, "ಏನೋ ಬೆಳಕಿನದು" ಎಂದು ಹೇಳಿ ಹೊರಟುಹೋದ. ಒಬ್ಬ ಹಿರಿಯರು ಚಪ್ಪಲಿ ಬಿಟ್ಟು ಕೈಮುಗಿದು ಕಣ್ಣು ಮುಚ್ಚಿಕೊಂಡರು. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ನಾಲ್ಕು ನಿಮಿಷದಲ್ಲಿ ಕಣ್ಣು ಮುಚ್ಚಿದರಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಇಳಿದು ಬಂದು ದಾರಿಬದಿಯ ಚಹಾದಂಗಡಿಯಲ್ಲಿ ಕುಳಿತೆವು. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಕ್ಕಿತು. ಹುಡುಗಿ ತಾನು ತೆಗೆದ ಚಿತ್ರವನ್ನು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಳು. ಚಹಾ ಬರುವುದರೊಳಗೆ ಉತ್ತರಗಳು ಬಂದವು. ಒಬ್ಬರು "ಚೆನ್ನಾಗಿ ಎಡಿಟ್ ಮಾಡಿದ್ದೀಯ" ಎಂದರು. ಇನ್ನೊಬ್ಬರು "ಈಗ ಕಂಪ್ಯೂಟರೇ ಇಂಥದ್ದನ್ನು ಮಾಡಿಕೊಡುತ್ತದೆ" ಎಂದರು. ಮೂರನೆಯವರು "ಸ್ವಾಮಿ ದರ್ಶನ ಕೊಟ್ಟಿದ್ದಾರೆ, ಹನ್ನೊಂದು ಜನರಿಗೆ ಕಳುಹಿಸಿ" ಎಂದರು. "ಎಲ್ಲಿ ನಿಂತಿದ್ದೆ? ಸೂರ್ಯ ಯಾವ ಕಡೆ ಇದ್ದ? ಎಷ್ಟು ಹೊತ್ತು ಇತ್ತು?" ಎಂದು ಕೇಳಿದವರು ಒಬ್ಬರೂ ಇಲ್ಲ. ಹುಡುಗಿ ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. ಅವಳ ಮುಖ ನೋಡಲಾಗಲಿಲ್ಲ.

ನನ್ನ ಸಿಟ್ಟು ಇರುವುದು ಇಲ್ಲಿಯೇ. ಕಾಡಿನಲ್ಲಿ, ಬೆಟ್ಟದಲ್ಲಿ, ಕಡಲಲ್ಲಿ ವಿಚಿತ್ರವಾದದ್ದನ್ನು ಕಂಡು ಬಂದವರಿಗೆ ನಾವು ಎರಡೇ ಉತ್ತರ ಇಟ್ಟುಕೊಂಡಿದ್ದೇವೆ: ಸುಳ್ಳು, ಇಲ್ಲವೇ ಪವಾಡ. ಮೇಲ್ನೋಟಕ್ಕೆ ಒಂದು ವಿಚಾರವಂತಿಕೆ, ಇನ್ನೊಂದು ನಂಬಿಕೆ. ನನಗೆ ಎರಡೂ ಒಂದೇ ಬಗೆಯ ಸೋಮಾರಿತನ. ಎರಡರಲ್ಲೂ ಮಾತು ಅಲ್ಲಿಗೇ ಮುಗಿಯುತ್ತದೆ. ಸುಳ್ಳು ಎಂದವರು ಮುಂದೆ ಏನನ್ನೂ ಕೇಳಬೇಕಾಗಿಲ್ಲ, ಪವಾಡ ಎಂದವರೂ ಕೇಳಬೇಕಾಗಿಲ್ಲ.

ಅನುಮಾನ ತಪ್ಪಲ್ಲ. ಕೃತಕ ಚಿತ್ರಗಳ ಈ ಕಾಲದಲ್ಲಿ ಅನುಮಾನಿಸಲೇಬೇಕು. ಆದರೆ ಅನುಮಾನಿಸುವವರಿಗೆ ಒಂದು ಕೆಲಸವಿದೆ, ಪರೀಕ್ಷಿಸುವ ಕೆಲಸ. ಈ ಬಗೆಯ ಚಿತ್ರವನ್ನು ಪರೀಕ್ಷಿಸುವುದು ಬಹಳ ಸುಲಭ. ಬಳೆಯ ನಡುಬಿಂದು ಕ್ಯಾಮೆರಾದ ನೆರಳು ಬಿದ್ದ ಜಾಗದಲ್ಲಿಯೇ ಇರಬೇಕು. ಮೊಬೈಲನ್ನು ಮುಖದ ಮುಂದೆ ಹಿಡಿದು ತೆಗೆದಿದ್ದರೆ ಬಳೆ ತಲೆಯನ್ನು ಸುತ್ತುತ್ತದೆ, ಕೈಯನ್ನು ಪಕ್ಕಕ್ಕೆ ಚಾಚಿ ತೆಗೆದಿದ್ದರೆ ಚಾಚಿದ ಕೈಯನ್ನು ಸುತ್ತುತ್ತದೆ. ನಮ್ಮ ಹುಡುಗಿಯ ಒಂದು ಚಿತ್ರದಲ್ಲಿ ಬಳೆ ಇದ್ದದ್ದು ಅವಳ ಕೈಯ ಸುತ್ತ. ಸುಳ್ಳು ಚಿತ್ರ ಮಾಡುವವರು ಅದನ್ನು ಕೈಗೆ ಹಾಕುವರೇ? ತಲೆಗೇ ಹಾಕುತ್ತಾರೆ. ನಾಲ್ಕು ನಿಮಿಷ ಗಮನ ಕೊಟ್ಟಿದ್ದರೆ ಮನೆಯವರಿಗೆ ಇದು ತಾನಾಗಿ ಹೊಳೆಯುತ್ತಿತ್ತು.

ಆದದ್ದು ಇಷ್ಟು. ಬೆನ್ನಿಗೆ ಸೂರ್ಯ, ಎದುರಿಗೆ ಮಂಜು. ಮಂಜಿನ ಹನಿ ಮಿಲಿಮೀಟರಿನ ನೂರರಲ್ಲೊಂದು ಭಾಗದ ಆಸುಪಾಸಿನದು. ಅದಕ್ಕೆ ಬಡಿದ ಬೆಳಕಿನಲ್ಲಿ ಒಂದು ಪಾಲು ಹೆಚ್ಚುಕಡಿಮೆ ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಬೆಳಕು ಅಲೆಯಾಗಿರುವುದರಿಂದ ಹಾಗೆ ಬಂದದ್ದು ಒಂದರ ಮೇಲೊಂದು ಬಿದ್ದು, ಕೆಲವು ಕೋನಗಳಲ್ಲಿ ಹೆಚ್ಚಿ, ಕೆಲವು ಕೋನಗಳಲ್ಲಿ ಅಳಿದು, ಬಣ್ಣದ ಉಂಗುರಗಳಾಗುತ್ತವೆ. ಕಾಮನಬಿಲ್ಲು ನೆರಳಿನ ತಲೆಯಿಂದ ಸುಮಾರು 42 ಡಿಗ್ರಿ ದೂರದಲ್ಲಿ ಮೂಡಿದರೆ, ಇದು ತಲೆಯ ಸುತ್ತ ಕೆಲವೇ ಡಿಗ್ರಿಗಳೊಳಗೆ ಮೂಡುತ್ತದೆ. ಹನಿ ಚಿಕ್ಕದಾದಷ್ಟೂ ಉಂಗುರ ದೊಡ್ಡದು. ಬೆಳಕು ಹಿಂತಿರುಗುವುದು ನೋಡುವವರ ಕಣ್ಣಿನ ಕಡೆಗೇ ಆದ್ದರಿಂದ ಪ್ರತಿಯೊಬ್ಬರಿಗೂ ತಮ್ಮ ತಲೆಯ ಸುತ್ತ ಮಾತ್ರ ಕಾಣುತ್ತದೆ. ಇಂಗ್ಲಿಷಿನಲ್ಲಿ ಉಂಗುರಕ್ಕೆ ಗ್ಲೋರಿ ಎನ್ನುತ್ತಾರೆ, ಮಂಜಿನ ಮೇಲಿನ ನೆರಳಿಗೆ ಜರ್ಮನಿಯ ಬ್ರೋಕನ್ ಬೆಟ್ಟದ ಹೆಸರಿದೆ. ಯೋಹಾನ್ ಸಿಲ್ಬರ್‌ಶ್ಲಾಗ್ ಎಂಬವರು 1780ರಲ್ಲಿ ಅಲ್ಲಿ ಕಂಡದ್ದನ್ನು ಬರೆದಿಟ್ಟರು. ನಮ್ಮದೇ ಸಹ್ಯಾದ್ರಿಯ ಉತ್ತರಕ್ಕೆ, ಮಹಾರಾಷ್ಟ್ರದ ಹರಿಶ್ಚಂದ್ರಗಡದಲ್ಲಿ ಇದೇ ದೃಶ್ಯವನ್ನು ಮರಾಠಿಗರು ಇಂದ್ರವಜ್ರ ಎನ್ನುತ್ತಾರೆ. ಎಷ್ಟು ಒಳ್ಳೆಯ ಹೆಸರು! ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ಅಲ್ಲಿ ಕಂಡದ್ದನ್ನು 1835ರ ತಮ್ಮ ಹವಾಮಾನ ವರದಿಯಲ್ಲಿ ಸೇರಿಸಿದ್ದಾರೆ.

ನಾನೂ ನನ್ನ ಸೊಸೆಯೂ ಆಡಿದ ಜಗಳ ನಮಗಿಂತ ಮುಂಚೆ ಆಂಡೀಸ್ ಪರ್ವತದ ಮೇಲೆ ಆಗಿತ್ತು. ಭೂಮಿಯ ಆಕಾರ ಅಳೆಯಲೆಂದು 1735ರಲ್ಲಿ ಫ್ರಾನ್ಸಿನಿಂದ ಹೊರಟ ತಂಡದಲ್ಲಿ ಪಿಯೆರ್ ಬೂಗೇ ಇದ್ದರು, ಸ್ಪೇನಿನ ಆಂಟೋನಿಯೊ ಡಿ ಉಲ್ಲೋವಾ ಅವರನ್ನು ಕೂಡಿಕೊಂಡಿದ್ದರು. ಈಗಿನ ಈಕ್ವೆಡಾರಿನ ಪಂಬಮಾರ್ಕಾ ಬೆಟ್ಟದಲ್ಲಿ ಆರೇಳು ಮಂದಿ ಒಟ್ಟಿಗೆ ನಿಂತಾಗ ಮಂಜಿನ ಮೇಲೆ ನೆರಳು ಬಿತ್ತು. ಪ್ರತಿಯೊಬ್ಬರೂ ಉಂಗುರ ತನ್ನ ತಲೆಗೆ ಮಾತ್ರ ಇದೆ ಎಂದರು. ಅವರು ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ಕರೆಯಲಿಲ್ಲ, ತಾನೊಬ್ಬನೇ ಪುಣ್ಯವಂತನೆಂದೂ ಬೀಗಲಿಲ್ಲ. ಎಲ್ಲರ ಹೇಳಿಕೆಯನ್ನೂ ಪಕ್ಕಪಕ್ಕದಲ್ಲಿಟ್ಟು ಬರೆದುಕೊಂಡರು. ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾಗಿದ್ದದ್ದೇ ಸುಳಿವು.

ಎಲ್ಲ ಕಡೆಯೂ ಹೀಗಾಗಲಿಲ್ಲ. ಚೀನಾದ ಎಮೆಯ್ ಬೆಟ್ಟ ಬೌದ್ಧರಿಗೆ ಪವಿತ್ರ, ಮೂರು ಸಾವಿರ ಮೀಟರಿಗೂ ಮಿಕ್ಕ ಎತ್ತರ. ಅಲ್ಲಿ ಇದಕ್ಕೆ ಬುದ್ಧನ ಬೆಳಕು ಎಂದು ಹೆಸರು. ತನ್ನನ್ನೇ ಕರೆಯುತ್ತಿದೆ ಎಂದುಕೊಂಡು ಆ ಬೆಳಕಿನ ಕಡೆಗೆ ಹಾರಿ ಪ್ರಾಣ ಬಿಟ್ಟ ಯಾತ್ರಿಕರಿದ್ದಾರೆ. ಆ ಬಂಡೆಯಂಚಿಗೆ ದೇಹತ್ಯಾಗದ ಹೆಸರೇ ಉಳಿದಿದೆ. ಅವರ ತಲೆಯ ಸುತ್ತ ಕಂಡದ್ದು ಪಕ್ಕದವನಿಗೆ ಅವನ ತಲೆಯ ಸುತ್ತ ಕಾಣುತ್ತಿತ್ತು. ಒಂದು ಮಾತು ಕೇಳಿದ್ದರೆ ಸಾಕಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇಂಗ್ಲೆಂಡಿನ ಪರ್ವತಾರೋಹಿ ಎಡ್ವರ್ಡ್ ವಿಂಪರ್ ಕಥೆ ಬೇರೆಯದು. 1865ರ ಜುಲೈ 14ರಂದು ಏಳು ಜನ ಮೊದಲ ಬಾರಿಗೆ ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನ್ ಶಿಖರವೇರಿದರು. ಇಳಿಯುವಾಗ ಹಗ್ಗ ಕಡಿದು ನಾಲ್ವರು ಸತ್ತರು. ಉಳಿದವರು ವಿಂಪರ್ ಮತ್ತು ಮಾರ್ಗದರ್ಶಕರಾಗಿದ್ದ ತಂದೆ ಮಗ. ಸಂಜೆ ಆಕಾಶದಲ್ಲಿ ದೊಡ್ಡದೊಂದು ಕಮಾನು, ಅದರ ಪಕ್ಕ ಎರಡು ಶಿಲುಬೆಗಳು ಕಂಡವು. ಸತ್ತವರಿಗೂ ಇದಕ್ಕೂ ನಂಟಿದೆ ಎಂದು ಆ ತಂದೆ ಮಗನಿಗೆ ಅನ್ನಿಸಿತು. ಅನ್ನಿಸದೆ ಇರುತ್ತದೆಯೇ? ವಿಂಪರಿಗೆ ಇದು ತಮ್ಮದೇ ಬಿಂಬವಿರಬಹುದೇ ಎಂಬ ಯೋಚನೆ ಬಂತು. ಮೈಯನ್ನು ಆಚೀಚೆ ಆಡಿಸಿದರು. ಶಿಲುಬೆಗಳು ಅಲುಗಲಿಲ್ಲ. ಸಂಗಡಿಗರು ಕಣ್ಣೆದುರೇ ಬಿದ್ದುಹೋದ ಆ ಸಂಜೆಯಲ್ಲೂ ಒಬ್ಬ ಮನುಷ್ಯ ಮೈ ಆಡಿಸಿ ಪರೀಕ್ಷಿಸಿದ, ಆಮೇಲೆ ಚಿತ್ರ ಬರೆದಿಟ್ಟ. ಈ ವಿವರವನ್ನು ಓದಿದಾಗ ನನ್ನ ಮೈ ಜುಮ್ಮೆಂದಿತ್ತು.

ಇನ್ನೊಬ್ಬರನ್ನು ಹೇಳದೆ ಇರಲಾರೆ, ಸ್ಕಾಟ್ಲೆಂಡಿನ ಕುರಿ ಸಾಕುವ ರೈತನ ಮಗ ಸಿ.ಟಿ.ಆರ್. ವಿಲ್ಸನ್. 1894ರ ಸೆಪ್ಟೆಂಬರಿನಲ್ಲಿ ಬೆನ್ ನೆವಿಸ್ ಬೆಟ್ಟದ ನೆತ್ತಿಯ ಹವಾಮಾನ ವೀಕ್ಷಣಾಲಯದಲ್ಲಿ ಎರಡು ವಾರ ಇದ್ದರು. ಮಂಜಿನ ಮೇಲಿನ ಉಂಗುರ ಕಂಡು ಮನಸೋತರು. ಇದನ್ನು ಪ್ರಯೋಗಾಲಯದಲ್ಲೇ ಮಾಡಿ ನೋಡಬೇಕು ಎಂದು ಗಾಜಿನ ಪಾತ್ರೆಯಲ್ಲಿ ಮೋಡ ಕಟ್ಟಿಸಲು ಹೊರಟರು. ಧೂಳೇ ಇಲ್ಲದ ಗಾಳಿಯಲ್ಲೂ ಹನಿಗಳು ಮೂಡುತ್ತಿದ್ದವು, ವಿದ್ಯುದಾವೇಶ ಹೊತ್ತ ಅಯಾನುಗಳ ಮೇಲೆ. 1911ರ ಹೊತ್ತಿಗೆ ಅದೇ ಪಾತ್ರೆಯಲ್ಲಿ ಕಣ್ಣಿಗೆ ಕಾಣದ ಕಣಗಳು ಹಾದುಹೋದ ಜಾಡು ಬಿಳಿ ಗೆರೆಯಾಗಿ ಕಂಡಿತು. 1927ರಲ್ಲಿ ನೊಬೆಲ್ ಬಂತು. 1932ರಲ್ಲಿ ಪಾಸಿಟ್ರಾನ್ ಎಂಬ ಕಣ ಸಿಕ್ಕಿದ್ದೂ ಇಂಥದೇ ಮೋಡಪೆಟ್ಟಿಗೆಯಲ್ಲಿ. ಎಲ್ಲವೂ ಶುರುವಾದದ್ದು ನೆರಳಿನ ಸುತ್ತಲ ಬಣ್ಣದ ಬಳೆಯಿಂದ.

ಬಳೆ ಎಂಬ ಮಾತನ್ನು ಮೊದಲಿನಿಂದ ಬಳಸುತ್ತಿದ್ದೇನೆ. ಅದು ನನ್ನದಲ್ಲ, ಆ ಚಹಾದಂಗಡಿಯ ಹೆಂಗಸಿನದು. ಅರವತ್ತರ ಆಸುಪಾಸಿನವರು, ಹಿಂದೆ ಎಸ್ಟೇಟಿನಲ್ಲಿ ಕೂಲಿಗಿದ್ದವರು. ಹುಡುಗಿಯ ಮುಖ ಬಾಡಿದ್ದನ್ನು ಕಂಡು ಏನಾಯಿತೆಂದು ಕೇಳಿದರು. ಅವಳು ಮೊಬೈಲ್ ತೋರಿಸಿದಳು. ಲೋಟ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಚಿತ್ರ ನೋಡಿದವರೇ, "ಓ, ನೆರಳಿನ ಬಳೆ" ಎಂದರು.

ನನಗೆ ಮಾತೇ ಹೊರಡಲಿಲ್ಲ. "ನೀವು ನೋಡಿದ್ದೀರಾ ಅಕ್ಕಾ?" ಎಂದೆ.

"ಎಷ್ಟು ಸಲ! ಹಣ್ಣು ಕೊಯ್ಯುವ ಕಾಲದಲ್ಲಿ ಬೆಳಿಗ್ಗೆ ದಿಣ್ಣೆ ಹತ್ತಿ ಹೋಗುತ್ತಿದ್ದೆವಲ್ಲ. ಬಿಸಿಲು ಬೆನ್ನಿಗಿರಬೇಕು, ಮಂಜು ತಗ್ಗಿನಲ್ಲಿರಬೇಕು. ಮಂಜು ನಮ್ಮ ಮೇಲೇ ಬಂದರೆ ಇಲ್ಲ. ಹೊತ್ತೇರಿದರೆ ಇಲ್ಲ."

ಸೂರ್ಯ ಎಲ್ಲಿರಬೇಕು, ಮಂಜು ಎಲ್ಲಿರಬೇಕು, ಯಾವ ತಿಂಗಳು, ಯಾವ ಹೊತ್ತು, ಯಾವಾಗ ಕಾಣುವುದಿಲ್ಲ: ಇದಕ್ಕಿಂತ ಚೊಕ್ಕವಾದ ವೀಕ್ಷಣೆಯನ್ನು ಯಾವ ವಿಜ್ಞಾನಿ ಕೊಡುತ್ತಾನೆ? ಬೇರೆಯವರಿಗೆ ಹೇಳಿದ್ದಿರಾ ಎಂದು ಕೇಳಿದೆ. ಮದುವೆಯಾಗಿ ಬಂದ ಹೊಸತರಲ್ಲಿ, ಮೊದಲ ಸಲ ಕಂಡ ದಿನ, ಲೈನ್‌ಮನೆಗೆ ಓಡಿ ಹೋಗಿ ಹೇಳಿದ್ದರಂತೆ. ಕೆಲವರು ನಕ್ಕರು. ಅತ್ತೆ ನಗಲಿಲ್ಲ, ಗಾಳಿ ಸೋಕಿದೆ ಎಂದು ಹೆದರಿದರು. ನಿಂಬೆಹಣ್ಣು ಇಳಿಸಿದರು, ತಾಯತ ಕಟ್ಟಿಸಿದರು, ಒಂದು ವಾರ ಕೆಲಸಕ್ಕೆ ಕಳುಹಿಸಲಿಲ್ಲ. ಒಂದು ವಾರದ ಕೂಲಿ ಹೋಯಿತು. "ಆಮೇಲೆ ಕಂಡರೂ ಸುಮ್ಮನಿರುತ್ತಿದ್ದೆ ಸಾರ್. ನೋಡುವುದು, ಸುಮ್ಮನೆ ಹೋಗುವುದು" ಎಂದರು.

ವಿಲ್ಸನ್ ಕಂಡದ್ದನ್ನೇ ಈಕೆಯೂ ಕಂಡದ್ದು. ಅವರ ಬೆನ್ನಿಗೆ ಒಂದು ವೀಕ್ಷಣಾಲಯವಿತ್ತು, ಹೇಳಿದ್ದನ್ನು ಬರೆದುಕೊಳ್ಳುವವರಿದ್ದರು. ಈಕೆಯ ತೋಳಿಗೆ ತಾಯತ ಬಂತು. ವಿಚಿತ್ರವನ್ನು ಕಂಡವರು ಯಾರು ಎಂದು ನೋಡಿಯೇ ನಾವು ನಂಬುವುದೋ ಬಿಡುವುದೋ ತೀರ್ಮಾನಿಸುತ್ತೇವೆ. ಕಾಡಿನಲ್ಲಿ ಹೆಚ್ಚು ಹೊತ್ತು ಇರುವವರು ಕೂಲಿಯವರು, ದನ ಕಾಯುವವರು, ಸೌದೆ ತರುವ ಹೆಂಗಸರು, ಅರಣ್ಯ ಇಲಾಖೆಯ ವಾಚರುಗಳು. ಅವರ ಮಾತನ್ನು ಕೇಳುವವರು ಎಲ್ಲರಿಗಿಂತ ಕಡಿಮೆ. ಮೇಘಾಲಯದಲ್ಲಿ 2020ರಲ್ಲಿ ಬೆಳಕು ಬೀರುವ ಹೊಸ ಅಣಬೆಯೊಂದು ವಿಜ್ಞಾನಕ್ಕೆ ಪರಿಚಯವಾಯಿತಲ್ಲ, ಅದನ್ನು ಸಂಶೋಧಕರಿಗೆ ತೋರಿಸಿದ್ದು ಸ್ಥಳೀಯರು. ಆ ಅಣಬೆ ಹಿಡಿದ ಬಿದಿರಿನ ತುಂಡನ್ನು ಅವರು ರಾತ್ರಿ ದಾರಿಗೆ ದೀಪದಂತೆ ಬಳಸುತ್ತಿದ್ದರು. ಸಂಶೋಧಕರು ಕೇಳಿದರು, ಸಿಕ್ಕಿತು.

ನಿಮ್ಮ ಮನೆಯ ಹುಡುಗನೋ ತೋಟದ ಕೆಲಸದಾಕೆಯೋ ಅಂಥದ್ದೇನನ್ನಾದರೂ ಕಂಡೆ ಎಂದು ಓಡಿ ಬಂದರೆ ದಯವಿಟ್ಟು ಕೂರಿಸಿಕೊಂಡು ಕೇಳಿ. ಎಷ್ಟು ಹೊತ್ತಿಗೆ? ಬೆಳಕು ಯಾವ ಕಡೆಯಿತ್ತು? ನೀನು ಅಲುಗಿದರೆ ಅದೂ ಅಲುಗಿತೇ? ಪಕ್ಕದವರಿಗೂ ಕಂಡಿತೇ? ಅವರಿಗೆ ಹೇಗೆ ಕಂಡಿತು? ನಂಬಿ ಎಂದು ನಾನು ಬೇಡುತ್ತಿಲ್ಲ, ಕೇಳಿ ಎನ್ನುತ್ತಿದ್ದೇನೆ.

ಆ ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಆಕೆ ಮೊಬೈಲನ್ನು ಮತ್ತೊಮ್ಮೆ ಇಸಿದುಕೊಂಡರು. ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಇದರಲ್ಲಿ ಒಂದೇ ಇದೆಯಲ್ಲ ಪುಟ್ಟಿ. ಹೊರಗಡೆ ಇನ್ನೊಂದು ಇರುತ್ತದೆ, ಮಾಸಲು" ಎಂದರು. ಹುಡುಗಿ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿದಳು. ಕೆಂಪು ಅಂಚಿನಾಚೆ, ಮಂಜಿನ ಬಿಳುಪಿನಲ್ಲಿ ಹೆಚ್ಚುಕಡಿಮೆ ಕರಗಿಹೋಗಿದ್ದ ಎರಡನೆಯ ಬಳೆ ಇತ್ತು.