ಆಡಿಟರ್ ಆಫೀಸಿನ 15 ಸಾವಿರದ ಕೆಲಸ: ಇರಬೇಕೆ, ಬಿಡಬೇಕೆ?

ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಸಣ್ಣ ಆಡಿಟರ್ ಆಫೀಸಿನಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಆಗಿ ಸೇರಿದವರಿಗೆ ತಿಂಗಳಿಗೆ 15 ಸಾವಿರ ಎಂದುಕೊಳ್ಳೋಣ. ದೊಡ್ಡ ಕಂಪನಿಯೊಂದರ ಬ್ಯಾಕ್ ಆಫೀಸಿನಿಂದ ವರ್ಷಕ್ಕೆ 3 ಲಕ್ಷದ ಆಫರ್ ಬರುವಂತಿದೆ. ಎರಡು ವರ್ಷ ತುಂಬುವ ತನಕ ಇಲ್ಲೇ ಇರುವುದು ಸರಿಯೇ? ಇರಬೇಕು ಎಂದು ಒಬ್ಬರು, ಬಿಡಬೇಕು ಎಂದು ಇನ್ನೊಬ್ಬರು ಇಲ್ಲಿ ವಾದಿಸಿದ್ದಾರೆ.

ಪರ: ಒಂದು ವರ್ಷದ ಲೆಕ್ಕ ಮುಗಿಯಲು 21 ತಿಂಗಳು ಬೇಕು

ಎರಡು ವರ್ಷ ಇರಬೇಕು ಎನ್ನುವುದಕ್ಕೆ ನನ್ನ ದೊಡ್ಡ ಕಾರಣ ಲೆಕ್ಕದ ಕ್ಯಾಲೆಂಡರು. 2025ರ ಏಪ್ರಿಲಿನಲ್ಲಿ ಟ್ಯಾಲಿಗೆ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಹತ್ತಿಸಿದ ಒಂದು ಖರೀದಿ ಬಿಲ್ಲು 2026ರ ಮಾರ್ಚ್ 31ಕ್ಕೆ ನಿಮ್ಮನ್ನು ಬಿಡುವುದಿಲ್ಲ. ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್ ವರದಿಗೆ ಆ ಬಿಲ್ಲು ಮತ್ತೆ ಮೇಜಿಗೆ ಬರುತ್ತದೆ. ಅದರ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ಕಟ್ಟಬೇಕಾದ ಜಿಎಸ್‌ಟಿಗೆ ವಜಾ ಮಾಡಿಕೊಳ್ಳುವುದು) ಬಿಟ್ಟುಹೋಗಿದ್ದರೆ ಎತ್ತಿಕೊಳ್ಳಲು 2026ರ ನವೆಂಬರ್ 30ರ ತನಕ ಅವಕಾಶವಿದೆ. ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಹಾಕಿದ್ದರೆ ಅಲ್ಲಿಗೇ ಬಾಗಿಲು ಮುಚ್ಚಿತು. ವಹಿವಾಟು 2 ಕೋಟಿ ದಾಟಿದ ಕ್ಲೈಂಟ್‌ಗಳ ಈ ವಾರ್ಷಿಕ ರಿಟರ್ನಿಗೆ (ಜಿಎಸ್‌ಟಿಆರ್-9) ಡಿಸೆಂಬರ್ 31 ಕೊನೆಯ ದಿನ. ಏಪ್ರಿಲಿನಿಂದ ಮುಂದಿನ ವರ್ಷದ ಡಿಸೆಂಬರಿಗೆ ಎಣಿಸಿ: 21 ತಿಂಗಳು. ಹನ್ನೊಂದನೇ ತಿಂಗಳಿಗೆ ಕೆಲಸ ಬಿಟ್ಟವರು ತಾವು ಹಾಕಿದ ಎಂಟ್ರಿ ಎಲ್ಲಿ ಎಡವಿತು ಎಂಬುದನ್ನು ಕಂಡೇ ಇರುವುದಿಲ್ಲ. ಅವರ ತಪ್ಪನ್ನು ಅದೇ ಕುರ್ಚಿಗೆ ಬಂದ ಇನ್ನೊಬ್ಬರು ತಿದ್ದುತ್ತಾರೆ, ಕಲಿಯುವವರೂ ಅವರೇ.

ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿ ಪೋರ್ಟಲಿನಲ್ಲಿ 2ಬಿ, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳ ಪ್ರಕಾರ ಕ್ಲೈಂಟ್‌ಗೆ ಸಿಗುವ ಕ್ರೆಡಿಟ್ಟಿನ ಪಟ್ಟಿ, ಬರುತ್ತದೆ. ಅದನ್ನು ಟ್ಯಾಲಿಯ ಪರ್ಚೇಸ್ ರಿಜಿಸ್ಟರಿನ ಜೊತೆ ತಾಳೆ ಹಾಕುವುದು ಜೂನಿಯರ್ ಕೆಲಸ. ಎರಡನ್ನೂ ಎಕ್ಸೆಲ್‌ಗೆ ಇಳಿಸಿ, ಪಾರ್ಟಿಯ (ಸರಕು ಮಾರಿದವರ) ಜಿಎಸ್‌ಟಿ ನಂಬರು ಮತ್ತು ಬಿಲ್ ನಂಬರು ಕೂಡಿಸಿ ಒಂದು ಕಾಲಂ ಮಾಡಿ, ಎಕ್ಸ್‌ಲುಕಪ್ ಎಂಬ ಹುಡುಕುವ ಸೂತ್ರ ಹಾಕಬೇಕು. ಮೊದಲ ಸಲ ಬಹಳಷ್ಟು ಸಾಲು ಕೂಡುವುದಿಲ್ಲ. ಪಾರ್ಟಿ 0045/25-26 ಎಂದು ಕೊಟ್ಟ ನಂಬರನ್ನು ನೀವು ಬರೀ 45 ಎಂದು ಹೊಡೆದಿರುತ್ತೀರಿ. ಮುಂದಿನ ಸೊನ್ನೆ, ಗೆರೆ, ಖಾಲಿ ಜಾಗ ಎಲ್ಲ ತೆಗೆದು, ಮೊತ್ತದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಗೆ ಅವಕಾಶ ಕೊಟ್ಟು ಮತ್ತೆ ನೋಡಿದರೆ ಬಹುಪಾಲು ಕೂಡುತ್ತದೆ. ವಿದ್ಯೆ ಇರುವುದು ಆಮೇಲೂ ಉಳಿದ ಸಾಲುಗಳಲ್ಲಿ. ಒಬ್ಬ ಪಾರ್ಟಿ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು, 13ನೇ ತಾರೀಕಿನೊಳಗೆ ಐಎಫ್‌ಎಫ್‌ನಲ್ಲಿ (ಇಂಥವರು ತಿಂಗಳ ಬಿಲ್ಲು ತೋರಿಸುವ ಸೌಲಭ್ಯ) ಬಿಲ್ಲು ಏರಿಸಿಲ್ಲ. ಕ್ರೆಡಿಟ್‌ಗೆ ಅವರು ಮುಂದೆ ಅದನ್ನು ಏರಿಸುವ ತನಕ ಕಾಯಬೇಕು. ಇನ್ನೊಬ್ಬರು ಬಿ2ಬಿ (ವ್ಯಾಪಾರಿಗೆ ಮಾರಿದ) ಬಿಲ್ಲನ್ನು ಬಿ2ಸಿಗೆ (ಗ್ರಾಹಕರಿಗೆ ಮಾರಿದ್ದು) ಹಾಕಿದ್ದಾರೆ. ಫೋನ್ ಮಾಡಿ ತಿದ್ದಿಸಬೇಕು. ಮತ್ತೊಬ್ಬರು ತಮಿಳುನಾಡಿನ ಹೊಸೂರಿನವರು, ಹೊರರಾಜ್ಯದ ಮಾರಾಟಕ್ಕಿರುವ ಐಜಿಎಸ್‌ಟಿ ಹಾಕಿದ್ದಾರೆ, ನಿಮ್ಮ ಎಂಟ್ರಿಯಲ್ಲಿ ರಾಜ್ಯದೊಳಗಿನ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದಿದೆ, ತಿದ್ದಬೇಕಾದವರು ನೀವೇ. ಇಷ್ಟನ್ನೂ ನೋಡದೆ 2ಬಿಯಲ್ಲಿ ಇಲ್ಲದ ಕ್ರೆಡಿಟ್ಟನ್ನು 20ನೇ ತಾರೀಕಿನ ತಿಂಗಳ ರಿಟರ್ನಿನಲ್ಲಿ (3ಬಿ) ಎತ್ತಿಕೊಂಡರೆ, ವ್ಯತ್ಯಾಸ ಮಿತಿ ದಾಟಿದಾಗ ವಿವರಣೆ ಕೇಳುವ ಡಿಆರ್‌ಸಿ-01ಸಿ ಸೂಚನೆ ಬರುತ್ತದೆ. ಉತ್ತರಕ್ಕೆ 7 ದಿನ. ತಪ್ಪಾಗಿ ಬಳಸಿದ ಕ್ರೆಡಿಟ್‌ಗೆ ವರ್ಷಕ್ಕೆ 18% ಬಡ್ಡಿ.

ಇಂಥದ್ದನ್ನು ಒಂದೇ ಕಂಪನಿಯ ಬಿಲ್ಲುಗಳಲ್ಲಿ ಕಲಿಯುವುದಕ್ಕೂ ಹತ್ತಾರು ವ್ಯಾಪಾರಗಳಲ್ಲಿ ಕಲಿಯುವುದಕ್ಕೂ ಬಹಳ ಅಂತರವಿದೆ. ಹಾರ್ಡ್‌ವೇರ್ ಅಂಗಡಿಯ ಲೆಕ್ಕದಲ್ಲಿ ಲಾರಿ ಬಾಡಿಗೆ ಕಣ್ಣಿಗೆ ಬೀಳಬೇಕು. ಟ್ರಾನ್ಸ್‌ಪೋರ್ಟಿನವರು ತಾವೇ ತೆರಿಗೆ ಹಾಕಿಲ್ಲದಿದ್ದರೆ ಅಂಗಡಿಯವರು ರಿವರ್ಸ್ ಚಾರ್ಜ್‌ನಲ್ಲಿ (ಕೊಳ್ಳುವವರೇ ತೆರಿಗೆ ಕಟ್ಟುವ ಪದ್ಧತಿ) 5% ಕಟ್ಟಬೇಕು, ಅದನ್ನೂ ಕ್ಯಾಷ್ ಲೆಡ್ಜರಿನಿಂದಲೇ. ಕ್ರೆಡಿಟ್ ಎಷ್ಟೇ ಬಿದ್ದಿರಲಿ, ಇದಕ್ಕೆ ಬಳಸುವಂತಿಲ್ಲ. ಸಿಮೆಂಟ್ ವ್ಯಾಪಾರಿಗೆ 2025ರ ಸೆಪ್ಟೆಂಬರ್ 22ರಿಂದ ದರ 28ರಿಂದ 18%ಕ್ಕೆ ಇಳಿಯಿತು; ಆ ವಾರದ ಬಿಲ್ಲು, ಕ್ರೆಡಿಟ್ ನೋಟುಗಳನ್ನು ತಾರೀಕು ನೋಡಿ ಬೇರೆ ಮಾಡಿದವರಿಗೆ ಪೂರೈಕೆಯ ಸಮಯ (ಯಾವ ದಿನದ ದರ ಹಾಕಬೇಕು ಎಂಬ ನಿಯಮ) ಎಂದರೇನು ಎಂದು ಯಾರೂ ಪಾಠ ಹೇಳಬೇಕಿಲ್ಲ. ಕಟ್ಟಡದ ಗುತ್ತಿಗೆದಾರರಿಗೆ ಪಾವತಿ ಮಾಡುವ ಕಂಪನಿಯ ಲೆಕ್ಕದಲ್ಲಿ ಟಿಡಿಎಸ್ (ಪಾವತಿಯಲ್ಲೇ ಹಿಡಿಯುವ ತೆರಿಗೆ): ಜೂನ್ 5ಕ್ಕೆ ಹಿಡಿದ ಹಣ ಜುಲೈ 7ಕ್ಕೆ ಕಟ್ಟಬೇಕಿತ್ತು, 8ಕ್ಕೆ ಕಟ್ಟಿದ್ದಾರೆ. ತಡವಾದದ್ದು ಒಂದು ದಿನ, ಬಡ್ಡಿ ಮಾತ್ರ ಹಿಡಿದ ದಿನದಿಂದ ಲೆಕ್ಕವಾಗಿ ತಿಂಗಳಿಗೆ 1.5%ರಂತೆ ಎರಡು ತಿಂಗಳಿನದು, ಒಟ್ಟು 3%.

ಈಗ ಇನ್ನೊಂದು ಕಾರಣವೂ ಕೂಡಿಕೊಂಡಿದೆ. 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. 194ಸಿ, 194ಜೆ ಎಂದು ಬಾಯಿಪಾಠವಾಗಿದ್ದ ಟಿಡಿಎಸ್ ಕಲಮುಗಳೆಲ್ಲ 393ನೇ ಕಲಮಿನ ಕೋಷ್ಟಕಗಳೊಳಗೆ ಸೇರಿವೆ. ಅಸೆಸ್‌ಮೆಂಟ್ ಇಯರ್ ಹೋಗಿ ತೆರಿಗೆ ವರ್ಷ ಬಂದಿದೆ. ಇಪ್ಪತ್ತು ವರ್ಷದ ಅನುಭವಸ್ಥರೂ ಹೊಸ ನಂಬರುಗಳನ್ನು ಹುಡುಕುತ್ತಿರುವ ಹೊತ್ತಿನಲ್ಲಿ ಆಫೀಸಿನೊಳಗೆ ಇರುವ ಜೂನಿಯರಿಗೆ ಸಿಗುವ ಅವಕಾಶ ಮುಂದೆ ಇಷ್ಟು ಸುಲಭಕ್ಕೆ ಸಿಗುವುದಿಲ್ಲ.

ಬೆಂಗಳೂರಿನ ಬಾಡಿಗೆಗೆ 15 ಸಾವಿರ ಸಾಲದು ಎನ್ನುತ್ತಾರೆ. ಬಾಡಿಗೆ ಎಲ್ಲ ಕೆಲಸದವರಿಗೂ ಇರುವುದೇ. ಅದರಿಂದ ಕೆಲಸದ ಬೆಲೆ ಅಳೆಯಬಾರದು. 3 ಲಕ್ಷದ ಆಫರಿನ ಲೆಕ್ಕವನ್ನೇ ಹಾಕಿ ನೋಡಿ. ಬೇಸಿಕ್ ಅರ್ಧ ಎಂದರೆ 1.5 ಲಕ್ಷ. ಸಿಟಿಸಿಯೊಳಗೇ (ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ, ಇಲ್ಲಿ 3 ಲಕ್ಷ) ಕಂಪನಿಯ ಪಾಲಿನ ಪಿಎಫ್ 18,000, ಗ್ರಾಚ್ಯುಟಿಗೆಂದು ಬೇಸಿಕ್‌ನ 4.81%, ಅಂದರೆ 7,215, ಕೆಲಸ ನೋಡಿ ಆಮೇಲೆ ಕೊಡುವ ವೇರಿಯಬಲ್ 10% ಇದ್ದರೆ 30,000. ಉಳಿದದ್ದು 2,44,785, ತಿಂಗಳಿಗೆ 20,400. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,500, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕಳೆಯಿರಿ. ಕೈಗೆ ಬರುವುದು 18ರಿಂದ 19 ಸಾವಿರ. 25 ಸಾವಿರ ಎಂದು ಊರಿಗೆಲ್ಲ ಹೇಳಿದ ಕೆಲಸದಲ್ಲಿ ಹೆಚ್ಚಿಗೆ ಸಿಕ್ಕಿದ್ದು ಮೂರು-ನಾಲ್ಕು ಸಾವಿರ. ಅದಕ್ಕಾಗಿ ದಿನವಿಡೀ ಒಂದೇ ಬಗೆಯ ಇನ್‌ವಾಯ್ಸ್ ಸರದಿಯನ್ನು ಖಾಲಿ ಮಾಡುತ್ತ ಕೂರಬೇಕು, ಬಹಳ ಕಡೆ ರಾತ್ರಿ ಪಾಳಿಯಲ್ಲಿ.

ಇರುವವರು ಸುಮ್ಮನೆ ಇರಬಾರದು. ಎರಡನೇ ವರ್ಷ ಶುರುವಾಗುವಾಗ ಮೂರು ಕೆಲಸ ಕೇಳಿ ಪಡೆಯಿರಿ: ಕನಿಷ್ಠ ಐದು ಕ್ಲೈಂಟ್‌ಗಳ ಫೈನಲೈಸೇಶನ್ (ವರ್ಷದ ಲೆಕ್ಕ ಅಂತಿಮಗೊಳಿಸುವುದು), ಟ್ಯಾಕ್ಸ್ ಆಡಿಟ್ ವರದಿಯ ಕರಡು, ಬಂದ ನೋಟಿಸಿಗೆ ಉತ್ತರದ ಮೊದಲ ಕರಡು. ಬ್ಯಾಂಕ್ ಸಾಲಕ್ಕೆ ಕೊಡುವ ಪ್ರಾಜೆಕ್ಟ್ ರಿಪೋರ್ಟ್ ಮಾಡಲು ಸಿಕ್ಕರೆ ಬಿಡಬೇಡಿ; ಮುಂದಿನ ಮೂರು ವರ್ಷದ ಬ್ಯಾಲೆನ್ಸ್ ಶೀಟನ್ನು ಟ್ಯಾಲಿ ನಿಮಗೆ ಮಾಡಿಕೊಡುವುದಿಲ್ಲ, ನೀವೇ ಕಟ್ಟಬೇಕು.

ವಿರೋಧ: ಪಿಎಫ್ ಇಲ್ಲದ ಎರಡು ವರ್ಷ

ಬಿಡಬೇಕು ಎಂಬ ಪಕ್ಷವನ್ನು ನನಗೆ ವಹಿಸಿದ್ದಾರೆ. ಮೊದಲ ವರ್ಷದೊಳಗೆ ಬಿಡುವುದನ್ನು ನಾನು ಸಮರ್ಥಿಸಲಾರೆ. ಇಲ್ಲಿ ಹೇಳುವುದೆಲ್ಲ 12 ತಿಂಗಳು ತುಂಬಿದವರಿಗೆ.

ಮೊದಲು ಆಫೀಸಿನಲ್ಲಿ ಎಷ್ಟು ಜನ ಇದ್ದಾರೆ ಎಂದು ಎಣಿಸಿ. 20ಕ್ಕಿಂತ ಕಡಿಮೆ ಇದ್ದರೆ ಪಿಎಫ್ ಕಡ್ಡಾಯವಲ್ಲ, 10ಕ್ಕಿಂತ ಕಡಿಮೆ ಇದ್ದರೆ ಇಎಸ್‌ಐ ಕೂಡ ಇಲ್ಲ. ಸಣ್ಣ ಆಡಿಟರ್ ಆಫೀಸುಗಳು ಹೆಚ್ಚಾಗಿ ಈ ಮಿತಿಯ ಕೆಳಗೇ ಇರುತ್ತವೆ. ಇದೇ 15 ಸಾವಿರವನ್ನು ಪಿಎಫ್ ಇರುವ ಕಡೆ ವೇತನವಾಗಿ ಕೊಟ್ಟರೆ ಮಾಲೀಕರ ಪಾಲು ತಿಂಗಳಿಗೆ 1,800: ಅದರಲ್ಲಿ 1,250 ಪಿಂಚಣಿಗೆ, 550 ಪಿಎಫ್ ಖಾತೆಗೆ. ಎರಡು ವರ್ಷಕ್ಕೆ 43,200. ಇಎಸ್‌ಐಗೆ ನೌಕರರಿಂದ ಹೋಗುವುದು 113 ರೂಪಾಯಿ, ಅದರಲ್ಲಿ ನಿಮ್ಮನ್ನು ನೆಚ್ಚಿಕೊಂಡ ತಂದೆ-ತಾಯಿಯ ಚಿಕಿತ್ಸೆಯೂ ಸೇರಿದೆ. ಅಪ್ಪನಿಗೆ ಒಂದು ಆಪರೇಷನ್ ಬೇಕಾದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗುವ ದಾರಿ ಇದೆಯೋ ಇಲ್ಲವೋ ಎಂಬುದು 113 ರೂಪಾಯಿಯ ಮೇಲೆ ನಿಂತಿದೆ. ಎದುರು ಪಕ್ಷದವರು ಸಿಟಿಸಿಯಿಂದ ಕಳೆದ ಪಿಎಫ್ ಎಲ್ಲೂ ಹೋಗಿಲ್ಲ. ಅದು ನೌಕರರ ಹೆಸರಿನಲ್ಲೇ ಇದೆ.

ಇನ್ನು 21 ತಿಂಗಳ ವಾದ. ಡಿಸೆಂಬರ್ ಬರುವ ಹೊತ್ತಿಗೆ ಮುಂದಿನ ವರ್ಷದ ಲೆಕ್ಕ ಒಂಬತ್ತು ತಿಂಗಳು ನಡೆದಿರುತ್ತದೆ, ಅದರ ಡಿಸೆಂಬರಿಗೂ ಕಾಯಬೇಕು ಎಂದಾಗುತ್ತದೆ. ಹೀಗೆ ನೋಡಿದರೆ ಆಡಿಟರ್ ಆಫೀಸನ್ನು ಯಾರೂ ಎಂದಿಗೂ ಬಿಡುವಂತಿಲ್ಲ.

ಸಿಎ ಮಾಡುವ ಆಸೆ ಇರುವವರಿಗೆ ಈ ಕೆಲಸ ನೇರ ನಷ್ಟ. ನೌಕರರಾಗಿ ಅದೇ ಆಫೀಸಿನಲ್ಲಿ ಎಷ್ಟು ವರ್ಷ ದುಡಿದರೂ ಅದು ಆರ್ಟಿಕಲ್‌ಶಿಪ್ (ಸಿಎಗೆ ಕಡ್ಡಾಯವಾದ ತರಬೇತಿ) ಎಂದು ಲೆಕ್ಕಕ್ಕೆ ಬರುವುದಿಲ್ಲ. 2023ರ ಹೊಸ ಪದ್ಧತಿಯಲ್ಲಿ ಇಂಟರ್‌ನ (ಸಿಎಯ ನಡುವಿನ ಹಂತದ ಪರೀಕ್ಷೆ) ಎರಡೂ ಗ್ರೂಪ್ ಪಾಸಾದ ಮೇಲೆ ನೋಂದಣಿ, ಅಲ್ಲಿಂದ ಎರಡು ವರ್ಷ ತರಬೇತಿ. ಇಂಟರ್ ಪರೀಕ್ಷೆ ಈಗ ಜನವರಿ, ಮೇ, ಸೆಪ್ಟೆಂಬರ್, ಮೂರು ಸಲ ನಡೆಯುತ್ತದೆ. ಸೆಪ್ಟೆಂಬರಿನಲ್ಲಿ ಟ್ಯಾಕ್ಸ್ ಆಡಿಟ್ ಒತ್ತಡದಲ್ಲಿ ರಾತ್ರಿ ಹತ್ತರ ತನಕ ಆಫೀಸಿನಲ್ಲಿದ್ದು ಪರೀಕ್ಷೆ ಬರೆಯಲಾಗದು.

ಸಿಎ ಬೇಡ ಎನ್ನುವವರಿಗೂ ಸಂಬಳದ ತಳ ಮುಖ್ಯ. ಮುಂದಿನ ಕಂಪನಿ ಈಗಿನ ಸಂಬಳದ ಮೇಲೆ 30% ಕೊಡುತ್ತೇವೆ ಎಂದರೆ 15 ಸಾವಿರಕ್ಕೆ 19,500 ಆಗುತ್ತದೆ, 20 ಸಾವಿರಕ್ಕೆ 26 ಸಾವಿರ. ಬ್ಯಾಕ್ ಆಫೀಸಿನ ಕೆಲಸ ಒಂದೇ ಬಗೆಯದು ಎಂಬುದನ್ನು ಒಪ್ಪುತ್ತೇನೆ. ಆದರೂ ಪರ್ಚೇಸ್ ಆರ್ಡರ್, ಸರಕು ಬಂದ ರಸೀದಿ, ಬಿಲ್ಲು ಮೂರನ್ನೂ ತಾಳೆ ನೋಡಿ ಪಾವತಿಗೆ ಬಿಡುವುದನ್ನು ಸ್ಯಾಪ್‌ನಲ್ಲಿ (ದೊಡ್ಡ ಕಂಪನಿಗಳು ಬಳಸುವ ಸಾಫ್ಟ್‌ವೇರ್) ಕಲಿತವರಿಗೆ ಊರಿಡೀ ಕೆಲಸವಿದೆ, ಟ್ಯಾಲಿ ಮಾತ್ರ ಬಲ್ಲವರಿಗೆ ಆ ಬಾಗಿಲು ತೆರೆಯುವುದು ಕಷ್ಟ. ಮೇಲಾಗಿ 2ಬಿ ತಾಳೆ, ನೋಟಿಸ್ ಕರಡು ಇವೆಲ್ಲ ಎಲ್ಲ ಜೂನಿಯರ್‌ಗಳ ಕೈಗೂ ಬರುವುದಿಲ್ಲ. ಕಳೆದ ತಿಂಗಳ ನಿಮ್ಮ ಕೆಲಸ ಬರೆದು ನೋಡಿ. ವೋಚರ್ ಹೊಡೆಯುವುದು, ಕ್ಲೈಂಟ್‌ಗೆ ಫೋನ್ ಮಾಡಿ ಓಟಿಪಿ ಕೇಳುವುದು, ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸುವುದು, ಇಷ್ಟರಲ್ಲೇ ಪಟ್ಟಿ ಮುಗಿದರೆ ಎರಡನೇ ವರ್ಷವೂ ಅದೇ ಪಟ್ಟಿ.

ಬಿಡುವುದಾದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೇಡ. ಆಡಿಟ್ ರಿಟರ್ನ್ ಮುಗಿದ ಮೇಲೆ ನವೆಂಬರ್ ಮೊದಲ ವಾರ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ತಕರಾರಿಲ್ಲದೆ ಸಿಗುತ್ತದೆ. ನಿಮ್ಮ ಬಳಿ ಇರುವ ಕ್ಲೈಂಟ್‌ಗಳ ಡಿಜಿಟಲ್ ಸಹಿಯ ಟೋಕನ್‌ಗಳನ್ನು ಹೆಸರು ಬರೆದು ಪಟ್ಟಿ ಮಾಡಿ ಒಪ್ಪಿಸಿ, ಸಹಿ ಹಾಕಿಸಿಕೊಳ್ಳಿ. ಪೋರ್ಟಲಿನ ಪಾಸ್‌ವರ್ಡ್‌ಗಳನ್ನು ಬದಲಿಸಲು ಲಿಖಿತವಾಗಿ ಹೇಳಿ. ಬಿಟ್ಟ ಮೇಲೆ ಯಾವುದೋ ರಿಟರ್ನ್ ನಿಮ್ಮ ಹೆಸರಿಗೆ ಅಂಟಬಾರದು. ಕ್ಲೈಂಟ್‌ಗಳ ಟ್ಯಾಲಿ ಡೇಟಾವನ್ನು ಪೆನ್‌ಡ್ರೈವಿನಲ್ಲಿ ಒಯ್ಯಬೇಡಿ. ಎಕ್ಸ್‌ಪೀರಿಯೆನ್ಸ್ ಲೆಟರಿನಲ್ಲಿ ಬರೀ ತಾರೀಕು ಸಾಲದು, ಜಿಎಸ್‌ಟಿ, ಟಿಡಿಎಸ್, ಫೈನಲೈಸೇಶನ್ ಎಂದು ಮಾಡಿದ ಕೆಲಸ ನಮೂದಾಗಲಿ. ಸಂಬಳ ನಗದಾಗಿ ಕೈಗೆ ಬರುತ್ತಿದ್ದರೆ ಆಗಸ್ಟಿನಿಂದಲೇ ಬ್ಯಾಂಕಿಗೆ ಹಾಕಲು ಕೇಳಿಕೊಳ್ಳಿ. ಹೊಸ ಕಂಪನಿಯವರು ಸಾಮಾನ್ಯವಾಗಿ ಮೂರು ತಿಂಗಳ ಸ್ಟೇಟ್‌ಮೆಂಟ್ ಕೇಳುತ್ತಾರೆ.